ನಾಲ್ಕು ನಿಮಿಷದ ನಡುಕ

ಶುಕ್ರವಾರ ಬೆಳಿಗ್ಗೆ ಕಜೆಟನ್ ಕಣ್ಣುಜ್ಜುತ್ತಾ ಫೋನ್ ತೆರೆದಾಗ ಅವನ ಸಿನಿಮಾಕ್ಕೆ ನಲವತ್ತೆರಡು ಹೆಬ್ಬೆರಳು, ಹದಿನೇಳು ಚಪ್ಪಾಳೆ ಮತ್ತು ಒಂದು ಟೀಕೆ ಬಂದಿದ್ದವು. ಮನುಷ್ಯನ ಸ್ವಭಾವವೇ ಹಾಗೆ. ಹೆಬ್ಬೆರಳು, ಚಪ್ಪಾಳೆಗಳನ್ನೆಲ್ಲ ಬದಿಗಿಟ್ಟು ಅವನು ಆ ಒಂದು ಟೀಕೆಯನ್ನೇ ಮೂರು ಸಲ ಓದಿದ. ಪರದೇಶದಲ್ಲಿರುವ ಊರಿನವರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಬರೆದವರು ಮೇಲಿನ ಮಹಡಿಯ ಫಿಲೊಮಿನಾ ಬಾಯಿ. "ಸಿನಿಮಾ ಒಳ್ಳೆದುಂಟು. ಆದ್ರೆ ಕೆಮರಾ ಹಿಡಿದವರಿಗೆ ಕೈ ನಡುಗುವ ಕಾಯಿಲೆ ಉಂಟಾ?"

ಕೆಮರಾ ಹಿಡಿದದ್ದು ಅವನ ಹೆಂಡತಿ ಕಾರ್ಮಿನ್. ಹಾಗೆಂದು ಸಿನಿಮಾದ ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಪ್ರೀತಿಯಿಂದ ಬರೆದು ಹಾಕಿದವನು ಕಜೆಟನ್‌ನೇ.

ಈ ಸಿನಿಮಾ ಯಾಕೆ ಹುಟ್ಟಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕಜೆಟನ್ ಕೊಲ್ಲಿ ದೇಶದ ಟುಬ್ಲಿ ಎಂಬ ಊರಿನ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಿಂದ ಬಿಡಿಭಾಗಗಳ ಕೌಂಟರಿನಲ್ಲಿ ಕೂತವನು. ಕಾರು ಗೇಟಿನೊಳಗೆ ಬರುವಾಗಲೇ ಶಬ್ದ ಕೇಳಿ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲ. ಆದರೆ ಕಾರು ಬಿಡಲು ಬಾರದು. ಡ್ರೈವಿಂಗ್ ಪರೀಕ್ಷೆಗೆ ಆರು ಸಲ ಕೂತಿದ್ದ, ಆರು ಸಲವೂ ಫೇಲಾಗಿದ್ದ. ಅವನ ತೊಂದರೆ ಎಲ್ಲ ರೌಂಡಬೌಟಿನದು. ಎಡದಿಂದ ಬರುವವರಿಗೆಲ್ಲ ದಾರಿ ಬಿಟ್ಟುಕೊಟ್ಟು ಬಿಟ್ಟುಕೊಟ್ಟು ತಾನು ಒಳಗೆ ಹೋಗುವುದೇ ಇಲ್ಲ; ಒಮ್ಮೆ ಧೈರ್ಯ ಮಾಡಿ ಹೋದವನು ನಾಲ್ಕು ಸುತ್ತು ಹೊಡೆದರೂ ಹೊರಗೆ ಬರಲಿಲ್ಲ.

ಹಾಗಾಗಿ ದಿನಾ ಬೆಳಿಗ್ಗೆ ಕಾರ್ಮಿನ್ ಅವನನ್ನು ರಿಫಾದ ಮನೆಯಿಂದ ಟುಬ್ಲಿಗೆ ತಂದು ಇಳಿಸಿ, ತಾನು ಜುಫೈರ್‌ನ ಕ್ಲಿನಿಕ್ಕಿಗೆ ನರ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಕಜೆಟನ್ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದ. ಗ್ಯಾರೇಜಿನ ಮೆಕ್ಯಾನಿಕ್, ಅವರದೇ ಕಟ್ಟಡದ ಲತೇಶ್ ವಾರಕ್ಕೊಮ್ಮೆಯಾದರೂ, "ಕಜೆಟನಣ್ಣ, ಏಳನೇದು ಯಾವಾಗ?" ಎಂದು ವಿಚಾರಿಸುತ್ತಿದ್ದ. ಅದರಲ್ಲಿ ದುರುದ್ದೇಶವಿರಲಿಲ್ಲ. ದುರುದ್ದೇಶವಿದ್ದಿದ್ದರೆ ಕಜೆಟನ್‌ಗೆ ಇಷ್ಟು ನೋಯುತ್ತಿರಲಿಲ್ಲ.

ಜನವರಿಯಲ್ಲಿ ಗಂಡ ಹೆಂಡತಿ ಐದು ದಿನಕ್ಕೆ ಜಾರ್ಜಿಯಾ ದೇಶಕ್ಕೆ ಹಿಮ ನೋಡಲು ಹೋದರು. ಅಲ್ಲಿ ಸ್ನೋಮೊಬೈಲ್ ಬಾಡಿಗೆಗೆ ಸಿಗುತ್ತಿತ್ತು. ಚಕ್ರದ ಬದಲು ಪಟ್ಟಿ ಇರುವ, ಹಿಮದ ಮೇಲೆ ಓಡುವ ಬೈಕು. ಅದಕ್ಕೆ ಲೈಸೆನ್ಸ್ ಯಾರೂ ಕೇಳಲಿಲ್ಲ. ಅಷ್ಟು ಸಾಕಾಯಿತು. ಕಜೆಟನ್ ಹತ್ತಿ ಕೂತು ಹೆಬ್ಬೆರಳಿನಿಂದ ಎಕ್ಸಲರೇಟರ್ ಒತ್ತಿದ್ದೇ ತಡ, ಬೈಕು ಹಗ್ಗ ಬಿಚ್ಚಿದ ಕರುವಿನಂತೆ ಜಿಗಿಯಿತು, ಅವನು ಹಿಂದೆ ಹಿಮದಲ್ಲಿ ಕೂತ. ಬೈಕಿನ ಯಜಮಾನ ಓಡಿ ಬಂದು, ಕೂರಬಹುದು, ಮುಟ್ಟಬಾರದು ಎಂದು ಕೈಸನ್ನೆಯಲ್ಲೇ ತಿಳಿಸಿದ. ಕಜೆಟನ್ ಪಾಪ, ಕೂತ. ಎಂಜಿನ್ ಗುರುಗುಟ್ಟುತ್ತಾ ನಿಂತಲ್ಲೇ ನಿಂತಿತ್ತು. ಸುತ್ತ ಮಂಜು, ಹಿಂದೆ ಬಿಳಿ, ಮುಂದೆ ಬಿಳಿ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು.

"ಕಾರ್ಮಿನ್, ನೀನು ಫೋನ್ ಸ್ವಲ್ಪ ಅಲ್ಲಾಡಿಸು," ಎಂದ.

ಅವಳು ನಾಲ್ಕು ನಿಮಿಷ ಅಲ್ಲಾಡಿಸಿದಳು. ಮನೆಗೆ ಬಂದು ನೋಡಿದರೆ ಕಜೆಟನ್ ಕಣಿವೆ ಕಣಿವೆ ಹಾರಿ ಹೋಗುತ್ತಿರುವಂತೆ ಕಂಡಿತು. ಬೆಟ್ಟ, ಹೋಟೆಲು, ತಿಂಡಿ ಎಲ್ಲ ಸೇರಿಸಿ ಹನ್ನೊಂದು ನಿಮಿಷದ ಸಿನಿಮಾ ಮಾಡಿ ಗುರುವಾರ ರಾತ್ರಿ ಗುಂಪಿಗೆ ಹಾಕಿದ. ಶುಕ್ರವಾರ ಸಂಜೆ ಮನಾಮಾದ ಸಭಾಂಗಣದಲ್ಲಿ ಸಂಘದ ಪ್ರವಾಸ ಸಂಜೆ. ಅಲ್ಲಿ ದೊಡ್ಡ ಪರದೆಯ ಮೇಲೆ ಇದನ್ನು ತೋರಿಸಿ, ಸಾಹಸಿ ಕಜೆಟನ್‌ಗೆ ಶಾಲು ಹೊದೆಸುವುದೆಂದು ಅಧ್ಯಕ್ಷ ಜಯರಾಜ ಆಗಲೇ ಘೋಷಿಸಿಯಾಗಿತ್ತು.

ಫಿಲೊಮಿನಾ ಬಾಯಿಯ ಪ್ರಶ್ನೆಗೆ ಕಜೆಟನ್ ತಕ್ಷಣ ಉತ್ತರ ಬರೆದ. ನಡುಕ ಕೈಯದಲ್ಲ, ಎಂಜಿನ್ನಿನದು ಎಂದ. ಎರಡೇ ನಿಮಿಷದಲ್ಲಿ ಲತೇಶ್‌ನ ಸಂದೇಹ ಬಂತು. ಫೋನ್ ಇದ್ದದ್ದು ಹೊರಗೆ ನಿಂತವರ ಕೈಯಲ್ಲಲ್ಲವೇ, ಎಂಜಿನ್ನಿನ ನಡುಕ ಅಲ್ಲಿಗೆ ಹೇಗೆ ಹೋಯಿತು? ಕಜೆಟನ್ ಸ್ವಲ್ಪ ಯೋಚಿಸಿ, ಕಾರ್ಮಿನ್‌ಗೆ ಚಳಿಯಾಗಿತ್ತು ಎಂದು ಬರೆದ. ಹಾಗಾದರೆ ತಿಂಡಿಯ ದೃಶ್ಯದಲ್ಲಿ ಅವಳು ಸ್ವೆಟರ್ ಸಹ ಹಾಕದೆ ಐಸ್‌ಕ್ರೀಮ್ ತಿನ್ನುತ್ತಿದ್ದಾಳಲ್ಲ ಎಂದು ಇನ್ಯಾರೋ ಕೇಳಿದರು. ಟೀಕೆ ಮಾಡುವವರು ಸಿನಿಮಾವನ್ನು ಇಷ್ಟು ಗಮನವಿಟ್ಟು ನೋಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

ಬೆಳಗಿನ ಪೂಜೆಗೆ ಇಗರ್ಜಿಗೆ ಹೋದಾಗ ಸುದ್ದಿ ಅಲ್ಲಿಗೆ ಮುಂಚೆಯೇ ತಲುಪಿತ್ತು. ಒಬ್ಬರು ಥೈರಾಯಿಡ್ ಇರಬಹುದು ಎಂದರು, ಇನ್ನೊಬ್ಬರು ನರದ್ದು ಎಂದರು. ಫಿಲೊಮಿನಾ ಬಾಯಿ ಕಾರ್ಮಿನ್‌ಳ ಎರಡೂ ಕೈ ಹಿಡಿದುಕೊಂಡು, ಅವಳ ಕೈಗೋಸ್ಕರ ಒಂಬತ್ತು ದಿನದ ಪ್ರಾರ್ಥನೆ ಶುರು ಮಾಡಿಯಾಯಿತು, ಚಿಂತೆ ಬೇಡ ಎಂದರು. ಕಾರ್ಮಿನ್ ಗಂಡನ ಮುಖ ನೋಡಿದಳು. ಗಂಡ ಚಪ್ಪಲಿಯ ಪಟ್ಟಿ ನೋಡಿಕೊಂಡ.

ಮಧ್ಯಾಹ್ನ ಊಟಕ್ಕೆ ಕೂತಾಗ ಕ್ಲಿನಿಕ್ಕಿನ ಮೇಲ್ವಿಚಾರಕಿ ಹಿಬಾಳ ಫೋನ್ ಬಂತು. ಕಾರ್ಮಿನ್ ಅಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಅವಳ ಕೈಗುಣ ಎಂಥದ್ದೆಂದರೆ ಸೂಜಿ ಒಳಗೆ ಹೋದದ್ದೂ ತಿಳಿಯುವುದಿಲ್ಲ ಎಂದು ಊರಿನವರೆಲ್ಲ ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಿಸಲು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾಳೆಯ ಏಳು ಜನರಲ್ಲಿ ಐದು ಜನ ಬೇರೆ ನರ್ಸ್ ಬೇಕೆಂದು ಕೇಳಿದ್ದಾರೆ, ಮೊದಲಿಗನೇ ಜಯರಾಜ, ಎಂದು ಹಿಬಾ ಹೇಳಿದಳು. ಡಾಕ್ಟರು ನೋಡಿ ಹೇಳುವ ತನಕ ಕಾರ್ಮಿನ್ ಸೂಜಿ ಮುಟ್ಟುವುದು ಬೇಡ, ಮುಂದಿನ ಮೇಜಿನಲ್ಲಿ ಕೂತು ಹೆಸರು ಬರೆದುಕೊಂಡರೆ ಸಾಕು ಎಂದಳು. ಬಹಳ ಮರ್ಯಾದೆಯಿಂದಲೇ ಹೇಳಿದಳು.

ಕಾರ್ಮಿನ್ ಫೋನ್ ಇಟ್ಟು ಅನ್ನದ ಬಟ್ಟಲನ್ನು ಬದಿಗೆ ಸರಿಸಿದಳು. ಆಮೇಲೆ ಹೇಳಿದಳು: "ಹದಿನಾರು ವರ್ಷ ಆಯ್ತು ಸೂಜಿ ಹಿಡಿದು. ಒಬ್ಬರಿಗೂ ಎರಡನೇ ಸಲ ಚುಚ್ಚಿದ್ದಿಲ್ಲ ನಾನು. ನಿಮ್ಮ ನಾಲ್ಕು ನಿಮಿಷಕ್ಕೆ ನನ್ನ ಕೈ ಹೋಯ್ತು. ಸಂಜೆ ಎಲ್ಲರ ಮುಂದೆ ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

ಕಜೆಟನ್‌ಗೆ ನಿಜಕ್ಕೂ ನಾಚಿಕೆಯಾಯಿತು. ತನ್ನ ಮರ್ಯಾದೆ ಇದ್ದದ್ದೇ ಅಷ್ಟಕ್ಕಷ್ಟೆ. ಅವಳದು ಹಾಗಲ್ಲ, ದುಡಿದು ಗಳಿಸಿದ್ದು. ತಾನೇ ಹೇಳುತ್ತೇನೆಂದು ಮಾತು ಕೊಟ್ಟ.

ಮಾತು ಕೊಟ್ಟ ಮೇಲೂ ಮನಸ್ಸು ನುಣುಚಿಕೊಳ್ಳಲು ಸಂದು ಹುಡುಕುತ್ತಿತ್ತು. ಅಷ್ಟರಲ್ಲಿ ಮದುವೆಗಳ ವಿಡಿಯೋ ಮಾಡುವ ಡಿಲನ್ ಫೋನ್ ಮಾಡಿದ. ನಡುಕ ತೆಗೆಯುವ ಸಾಫ್ಟ್‌ವೇರ್ ತನ್ನ ಹತ್ತಿರ ಇದೆ, ಸಂಜೆಯೊಳಗೆ ಸರಿ ಮಾಡಿ ಕೊಡುತ್ತೇನೆ ಎಂದ. ನಡುಕ ತೆಗೆದರೆ ಉಳಿಯುವುದೇನೆಂದು ಕಜೆಟನ್‌ಗೆ ಚೆನ್ನಾಗಿ ಗೊತ್ತಿತ್ತು. ಬೇಡವೇ ಬೇಡ, ಅದು ಸಿನಿಮಾದ ಶೈಲಿ ಎಂದು ಅಂಗಲಾಚಿದ. ಡಿಲನ್ ಅದನ್ನು ಸಂಕೋಚ ಎಂದುಕೊಂಡ. "ನಮ್ಮೊಳಗೆ ಎಂತ ಫಾರ್ಮಾಲಿಟಿ ಅಂಕಲ್," ಎಂದು ಫೋನಿಟ್ಟ.

ಸಂಜೆ ಸಭಾಂಗಣದಲ್ಲಿ ಕಜೆಟನ್ ಮೊದಲು ವಿಚಾರಿಸಿದ್ದು ಡಿಲನ್‌ನನ್ನು. ಅವನು ಬಂದಿರಲಿಲ್ಲ. ಅವನ ಕಂಪ್ಯೂಟರು ಇನ್ನೂ ಮನೆಯಲ್ಲಿ ಅದೇ ಕೆಲಸ ಮಾಡುತ್ತಿದೆಯಂತೆ, ಹಾಗಾಗಿ ಹಳೆಯದನ್ನೇ ತೋರಿಸುವುದೆಂದು ಜಯರಾಜ ಹೇಳಿದ. ಕಜೆಟನ್ ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿದ.

ದೊಡ್ಡ ಪರದೆಯ ಮೇಲೆ ಆ ನಾಲ್ಕು ನಿಮಿಷ ಇನ್ನೂ ಭಯಂಕರವಾಗಿತ್ತು. ಮುಂದಿನ ಸಾಲಿನ ಇಬ್ಬರು ತಲೆಸುತ್ತು ಬಂದು ಕಣ್ಣು ಮುಚ್ಚಿಕೊಂಡರು. ಪರದೆಯ ಮೂಲೆಯಲ್ಲಿ ಕಂದು ಬಣ್ಣದ್ದೇನೋ ಸರ್ರನೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಹಾಗೆ ತಟ್ಟುವಾಗಲೇ ಒಬ್ಬೊಬ್ಬರಾಗಿ ಕಾರ್ಮಿನ್‌ಳ ಕಡೆ ಅಯ್ಯೋ ಪಾಪ ಎಂಬ ಹಾಗೆ ನೋಡಿದರು. ಆ ನೋಟವನ್ನು ಕಜೆಟನ್ ಸಹಿಸಲಾರದೆ ಹೋದ. ಜಯರಾಜ ಶಾಲು ಬಿಡಿಸುತ್ತಿದ್ದಂತೆ ಅವನು ಮೈಕು ತೆಗೆದುಕೊಂಡ.

"ಸಿನಿಮಾದಲ್ಲಿ ಆ ಗಾಡಿ ಒಂದು ಇಂಚು ಸಹ ಮುಂದೆ ಹೋಗ್ಲಿಲ್ಲ," ಎಂದ. "ಬಿಡ್ಲಿಕ್ಕೆ ಹೋಗಿ ನಾನು ಬಿದ್ದೆ. ಮತ್ತೆ ನಿಂತ ಗಾಡಿಯಲ್ಲಿ ಸುಮ್ಮನೆ ಕೂತದ್ದು. ಕಾರ್ಮಿನ್ ಕೈ ಅಲ್ಲಾಡಿಸಿದ್ದು ಬೇಕೂಂತ, ನಾನೇ ಹೇಳಿದ್ದು. ಅವಳ ಕೈಗೆ ಎಂತದೂ ಆಗ್ಲಿಲ್ಲ."

ಕಜೆಟನ್ ನಗು ಏಳುವುದನ್ನು ಕಾಯುತ್ತಾ ತಲೆ ತಗ್ಗಿಸಿ ನಿಂತ. ನಗು ಏಳಲಿಲ್ಲ. ಎದ್ದದ್ದು ಫಿಲೊಮಿನಾ ಬಾಯಿ, ಅದೂ ಕಣ್ಣೊರೆಸಿಕೊಳ್ಳುತ್ತಾ.

"ಹೆಂಡತಿಯ ಕಾಯಿಲೆ ಮುಚ್ಚಲಿಕ್ಕೆ ಗಂಡ ತನ್ನ ಹೆಸರನ್ನೇ ಹಾಳು ಮಾಡಿಕೊಳ್ತಿದ್ದಾನೆ," ಎಂದರು. "ಇಂಥ ಗಂಡ ಯಾರಿಗೆ ಸಿಗ್ತಾನೆ?"

ಈ ಸಲದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಕಜೆಟನ್ ಇಲ್ಲ ಇಲ್ಲ ಎಂದಷ್ಟೂ ಅದು ಜೋರಾಯಿತು. ಅವನು ಹೇಳಿದ್ದು ನಿಜವೆಂದು ತೋರಿಸಲು ಕಾರ್ಮಿನ್ ಎದ್ದು ಬಲಗೈಯನ್ನು ಎಲ್ಲರ ಮುಂದೆ ಚಾಚಿದಳು. ಆದರೆ ಬೆಳಗಿನಿಂದ ತಡೆದಿಟ್ಟ ಕೋಪ ಅವಳಿಗೆ ಆಗಲೇ ನೆತ್ತಿಗೇರಿತ್ತು. ಕೋಪ ಬಂದರೆ ಯಾರ ಕೈ ನಡುಗುವುದಿಲ್ಲ? ಅವಳದೂ ನಡುಗಿತು. ಜನ ಲೊಚಗುಟ್ಟಿದರು.

ಮುಂದಿನದೆಲ್ಲ ಹತ್ತೇ ನಿಮಿಷದಲ್ಲಿ ನಡೆದುಹೋಯಿತು. ಜಯರಾಜ ಶಾಲು ಹೊದೆಸಿದ. ಇಂಥ ಕೈಯಲ್ಲಿ ಕಾರ್ಮಿನ್ ಕಾರು ಬಿಡುವುದು ಅಪಾಯ ಎಂದು ಯಾರೋ ಹೇಳಿದರು, ಎಲ್ಲರೂ ಹೌದೆಂದರು. ಲತೇಶ್ ಅವಳ ಕೈಯಿಂದ ಕೀಲಿಕೈ ತೆಗೆದುಕೊಂಡ. ಇನ್ನು ಕಜೆಟನ್‌ನೇ ಕಾರು ಬಿಡಬೇಕು, ಬೆಟ್ಟದಲ್ಲಿ ಸ್ನೋಮೊಬೈಲ್ ಹಾರಿಸಿದವನಿಗೆ ರೌಂಡಬೌಟು ಯಾವ ಲೆಕ್ಕ ಎಂದು ಜಯರಾಜ ಮೈಕಿನಲ್ಲೇ ಕೇಳಿದ. ಅಲ್ಲೇ ಅವನ ಗುರುತಿನ ಚೀಟಿ, ಸಿಪಿಆರ್ ಕಾರ್ಡು ಇಸಿದುಕೊಂಡು, ಫೋನಿನಲ್ಲೇ ಏಳನೆಯ ಪರೀಕ್ಷೆಗೆ ಹೆಸರು ಹಾಕಿಸಿದ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ. ಅದಕ್ಕೂ ಚಪ್ಪಾಳೆ ಬಿತ್ತು.

ಗಂಡ ಹೆಂಡತಿಯ ಕಾರನ್ನು ಲತೇಶ್ ರಿಫಾದ ಕಡೆಗೆ ಬಿಟ್ಟ. ಅವನ ಹೆಂಡತಿ ತಮ್ಮ ಕಾರಿನಲ್ಲಿ ಹಿಂದೆ ಬರುತ್ತಿದ್ದಳು. ಕಾರ್ಮಿನ್ ಮುಂದಿನ ಸೀಟಿನಲ್ಲಿದ್ದಳು. ಕಜೆಟನ್ ಶಾಲು ಹೊದ್ದು ಹಿಂದೆ ಕೂತಿದ್ದ. ಅರ್ಧ ದಾರಿಯಲ್ಲಿ ಮೂವರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಡಿಲನ್ ಗುಂಪಿಗೆ ಹಾಕಿದ್ದ. "ಅಂಕಲ್, ನಡುಕ ಪೂರಾ ತೆಗ್ದಿದ್ದೇನೆ. ನೋಡಿ ಹೇಳಿ."

ಲತೇಶ್ ಕಾರು ಬದಿಗೆ ನಿಲ್ಲಿಸಿದ. ಮೂವರೂ ನೋಡಿದರು. ಕಜೆಟನ್ ಹಲ್ಲು ಕಚ್ಚಿ, ಮುಂದಕ್ಕೆ ಬಾಗಿ, ಸ್ನೋಮೊಬೈಲಿನ ಮೇಲೆ ಕೂತಿದ್ದಾನೆ. ಕುತ್ತಿಗೆಯ ಮಫ್ಲರು ನೆಟ್ಟಗೆ ಕೆಳಗೆ ಜೋತುಬಿದ್ದಿದೆ. ಬೈಕಿನ ಹಿಂದೆ ಅವನು ಬಿದ್ದ ಜಾಗದ ಗುಂಡಿ ಇದ್ದಲ್ಲೇ ಇದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಕಂದು ನಾಯಿ ನಿಧಾನವಾಗಿ ನಡೆದು ಬಂದು, ಅವನನ್ನು ಹಿಂದೆ ಹಾಕಿ, ಮುಂದೆ ಹೋಗಿ ಕೂತು ಕಿವಿ ಕೆರೆದುಕೊಂಡಿತು.

ಲತೇಶ್ ಇಳಿದು ಕೀಲಿಕೈಯನ್ನು ಕಾರ್ಮಿನ್‌ಳ ಕೈಗೆ ಕೊಟ್ಟ. "ನೀವೇ ಬಿಡಿ ಕಾರ್ಮಿನಕ್ಕ," ಎಂದಷ್ಟೇ ಹೇಳಿ, ತುಟಿ ಬಿಗಿಹಿಡಿದು ತನ್ನ ಹೆಂಡತಿಯ ಕಾರಿನ ಕಡೆ ನಡೆದ. ಆ ಕಾರಿನೊಳಗಿಂದ ನಗು ಕೇಳಿಸಿತು.

ಕಾರ್ಮಿನ್ ಸೀಟು ಸರಿಮಾಡಿಕೊಂಡು ಹೊರಟಳು. ಮುಂದಿನ ರೌಂಡಬೌಟನ್ನು ಒಂದೇ ಕೈಯಲ್ಲಿ ದಾಟಿಸಿದಳು. ಅಷ್ಟರಲ್ಲಿ ಗುಂಪಿನಲ್ಲಿ ಶನಿವಾರದ ಐವರೂ ತಮಗೆ ಕಾರ್ಮಿನ್‌ಳೇ ಬೇಕೆಂದು ಬರೆದಿದ್ದರು. "ಈಗ ನಡುಕ ಇಲ್ಲ, ನಾಯಿ ಚಂದ ಉಂಟು," ಎಂದು ಫಿಲೊಮಿನಾ ಬಾಯಿ ಬರೆದಿದ್ದರು. ಕಜೆಟನ್ ಎಲ್ಲವನ್ನೂ ಓದಿದ. ಮರ್ಯಾದೆ ಹೋದರೆ ಹೋಗಲಿ, ಇನ್ನು ಆ ಪರೀಕ್ಷೆಯನ್ನಂತೂ ಯಾರೂ ನೆನಪಿಸಲಾರರು ಎಂದು ಸಮಾಧಾನ ಮಾಡಿಕೊಂಡ.

ಫೋನ್ ಮತ್ತೆ ಸದ್ದು ಮಾಡಿತು. ಜಯರಾಜ ಬರೆದಿದ್ದ. "ಸೋಮವಾರದ ಬುಕ್ಕಿಂಗ್ ಕ್ಯಾನ್ಸಲ್ ಆಗುದಿಲ್ಲವಂತೆ. ನಾವು ಹತ್ತು ಹದಿನೈದು ಜನ ನೋಡ್ಲಿಕ್ಕೆ ಬರ್ತೇವೆ. ಬರುವಾಗ ಶಾಲು ತನ್ನಿ, ಮುಂದಿನ ವಾರ ಬೇರೆಯವರಿಗೆ ಹೊದೆಸ್ಲಿಕ್ಕುಂಟು. ಡಿಲನ್ ಕೆಮರಾ ತರ್ತಾನೆ."

ಕಜೆಟನ್ ಶಾಲು ತೆಗೆದು ಮಡಚತೊಡಗಿದ. ಅಂಚಿಗೆ ಅಂಚು ಎಷ್ಟು ಸಲ ಕೂಡಿಸಿದರೂ ಕೂಡಲಿಲ್ಲ. ಕಾರ್ಮಿನ್ ಕನ್ನಡಿಯಲ್ಲಿ ಅದನ್ನು ನೋಡಿದಳು, ಕಾರು ನಿಲ್ಲಿಸಿದಳು, ಹಿಂದಕ್ಕೆ ಕೈ ಚಾಚಿ ಶಾಲನ್ನು ತೆಗೆದುಕೊಂಡು ಎರಡೇ ಮಡಿಕೆಗೆ ಮಡಚಿ ಅವನ ತೊಡೆಯ ಮೇಲಿಟ್ಟಳು. ಅವಳ ಕೈ ಬಂಡೆಯ ಹಾಗಿತ್ತು. ನಡುಗುತ್ತಿದ್ದದ್ದು ಅವನದು.