ಹಿದಾಯತುಲ್ಲಾ ಮನೆಯ ವಾಸನೆ

ಹಿದಾಯತುಲ್ಲಾ ಅವರ ಮನೆಯಲ್ಲಿ ವಾಸನೆಯೇ ಇರಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಬೇರೆ ಊರಿನವರಿಗೆ ಇದು ಸಂತೋಷದ ಸಂಗತಿಯಾಗಿರಬಹುದು. ಶಿಡ್ಲಘಟ್ಟದಲ್ಲಿ ಮಾತ್ರ ರೇಷ್ಮೆಗೂಡು ಬೇಯುವ ನಾತ ಬಂದರೆ ಆ ಮನೆ ಸುಭಿಕ್ಷ ಎಂದರ್ಥ. ಎಂಬತ್ತಾರನೇ ಇಸವಿಯಲ್ಲಿ ಹಿರಿಯ ಮಗಳನ್ನು ನೋಡಲು ಬಂದವರು ಬಾಗಿಲಲ್ಲೇ ಮೂಗರಳಿಸಿ, ಹುಡುಗಿಯ ಮುಖ ನೋಡುವ ಮೊದಲೇ ಒಪ್ಪಿಬಿಟ್ಟಿದ್ದರು. ಆಮೇಲೆ ಚೀನಾ ರೇಷ್ಮೆ ಬಂತು, ನೂಲಿನ ಬೆಲೆ ಬಿತ್ತು, ಗೂಡು ಬೇಯಿಸಿ ನೂಲು ತೆಗೆಯುವ ಒಲೆ ಆರಿ ಎರಡು ವರ್ಷವಾಯಿತು. ಕಿರಿಯವಳು ಜಾಹಿದಾಳನ್ನು ನೋಡಲು ಬಂದ ಮೂರು ಕಡೆಯವರೂ ಮೂಗು ಆಡಿಸಿ, ಚಹಾ ಕುಡಿದು ಹೋಗಿದ್ದರು.

ಇವತ್ತು ಮಧ್ಯಾಹ್ನ ನಾಲ್ಕನೆಯವರು. ಗೌರಿಬಿದನೂರಿನ ಬಟ್ಟೆ ಅಂಗಡಿಯ ಮುಖ್ತಾರ್ ಸಾಹೇಬರು. ಅವರ ಕಿರಿಯ ಮಗನ ಫೋಟೋವನ್ನು ಜಾಹಿದಾ ಎಷ್ಟು ಸಲ ನೋಡಿದ್ದಳೆಂದರೆ ಅದರ ಅಂಚೇ ಸವೆದಿತ್ತು.

"ಈ ಸಂಬಂಧಾನೂ ತಪ್ಪಿದ್ರೆ ನಾನು ತೌರಿಗೆ ಹೋಗ್ತೀನಿ," ಎಂದರು ಹೆಂಡತಿ ಷಮೀಮ್.

"ನಿಮ್ಮ ತೌರಲ್ಲೂ ಒಲೆ ಆರಿದೆ ಕಣೇ."

ಪಕ್ಕದ ಮನೆಯ ದಸ್ತಗಿರನ ಒಲೆ ಮಾತ್ರ ಇನ್ನೂ ಹೇಗೋ ಉರಿಯುತ್ತಿತ್ತು. "ವಾಸನೆ ತಾನೇ ಭಾಯ್? ನೂಲು ಬಿಚ್ಚಿ ಉಳಿದಿರೋ ಹುಳ ಎಲ್ಲಾ ತಗೊಂಡ್ಹೋಗಿ ಬೇಯಿಸ್ಕೊಳ್ಳಿ. ನಮ್ಮ ಒಲೆಗೂ ಇವತ್ತು ರಜಾ," ಎಂದ. ಅವನ ಮಗಳು ದಿಲ್ಷಾದ್, ಜಾಹಿದಾಳ ಜೀವದ ಗೆಳತಿ, ತಾನೇ ನಾಲ್ಕು ಬಕೆಟ್ ಹೊತ್ತು ತಂದಳು.

ಹಿದಾಯತುಲ್ಲಾ ಬಾಂಡ್ಲಿ ಏರಿಸಿದರು. ಎದುರುಮನೆ ಮುನಿಗಂಗಪ್ಪ ಇಣುಕಿ ನೋಡಿ ತಲೆಯಾಡಿಸಿದ.

"ಸಾಬ್ರೇ, ಇದು ಬಡವರ ಮನೆ ವಾಸ್ನೆ ಆಯ್ತು. ಇನ್ನೆರಡು ಬಕೆಟ್ ಸುರೀರಿ! ಫ್ಯಾನ್ ಬಾಗಿಲ ಕಡೆ ತಿರುಗ್ಸಿ!"

ಸುರಿದರು, ತಿರುಗಿಸಿದರು. ಹೆಂಚಿನ ಮೇಲೆ ಕಾಗೆ ಸಂತೆ ನೆರೆಯಿತು. ಮೂರು ಬೀದಿಯ ನಾಯಿಗಳು ಬಾಗಿಲಲ್ಲಿ ಬಂದು ಕುಳಿತವು. ಅವುಗಳ ನಡುವೆಯೇ ದಾರಿ ಮಾಡಿಕೊಂಡು, ಮೂಗಿಗೆ ಕರ್ಚೀಫ್ ಒತ್ತಿ, ಮುಖ್ತಾರ್ ಸಾಹೇಬರು ಒಳಗೆ ಬಂದರು.

"ನಿಮ್ಮ ಒಲೆ ಆರಿದೆ ಅಂತ ಕೇಳಿದ್ದೆ?"

"ಯಾರ್ರೀ ಹಂಗಂದೋರು? ಹಗಲೂ ರಾತ್ರಿ ಉರೀತೈತೆ!" ಎಂದು ಹಿದಾಯತುಲ್ಲಾ ಎದೆಯುಬ್ಬಿಸಿದರು.

"ಯಾ ಅಲ್ಲಾ! ಆರಿದೆ ಅಂತಾನೇ ಬಂದಿದ್ದು ನಾನು. ಹಿರೀ ಮಗನಿಗೆ ರೇಷ್ಮೆಯೋರ ಮನೆ ಹೆಣ್ಣು ತಂದು ಕೆಟ್ಟೆ. ನಾಳೆ ಬೆಲೆ ಏರ್ತದೆ, ನಾಡಿದ್ದು ಏರ್ತದೆ ಅಂತ ಆ ಬೀಗರು ನಮ್ಮ ಅಂಗಡಿ ದುಡ್ಡನ್ನೂ ಬಾಂಡ್ಲಿಗೆ ಹಾಕಿ ಬೇಯಿಸಿಬಿಟ್ರು!"

ಹಿದಾಯತುಲ್ಲಾ ಕಂಗಾಲಾದರು. "ಸುಳ್ಳು ಹೇಳ್ದೆ ಸಾಹೇಬ್ರೇ! ಆರಿದೆ! ಎರಡು ವರ್ಷ ಆಯ್ತು! ಈ ಹುಳ ಎಲ್ಲಾ ಪಕ್ಕದ್ಮನೇದು!"

"ಹುಳಾನ ಯಾರಾದ್ರೂ ಕೈಗಡ ತರ್ತಾರೇನ್ರೀ?"

ಅಷ್ಟರಲ್ಲಿ ಸಾಹೇಬರಿಗೆ ತಲೆಸುತ್ತು ಬಂತು. ದಸ್ತಗಿರ ಪಾಪ, ಓಡಿಬಂದು ಕೈಹಿಡಿದು ತನ್ನ ಮನೆಯಲ್ಲಿ ಕೂರಿಸಿದ. ಅಲ್ಲಿ ಒಲೆ ತಣ್ಣಗಿತ್ತು, ನೆಲ ತೊಳೆದಿತ್ತು, ಒಳ್ಳೆಯ ಗಾಳಿ ಆಡುತ್ತಿತ್ತು. ದಿಲ್ಷಾದ್ ನೀರು ತಂದುಕೊಟ್ಟಳು.

ಸಂಜೆ ದಸ್ತಗಿರ ತಲೆ ತಗ್ಗಿಸಿಕೊಂಡು ಬಂದು ನಿಂತ. ಸಾಹೇಬರು ದಿಲ್ಷಾದ್‌ಳನ್ನು ಸೊಸೆಯಾಗಿ ಒಪ್ಪಿಕೊಂಡು ಹೋದ ವಿಷಯ ಆಗಲೇ ಬೀದಿಗೆಲ್ಲ ಗೊತ್ತಾಗಿತ್ತು. ಹಿದಾಯತುಲ್ಲಾ ಬಕೆಟ್‌ಗಳನ್ನು ಅವನತ್ತ ತಳ್ಳಿದರು. ಜಾಹಿದಾ ಒಳಗಿಂದ ಬಂದು ಆ ಫೋಟೋವನ್ನು ಒಂದು ಬಕೆಟ್ಟಿನ ಮೇಲಿಟ್ಟು ಹೋದಳು.

ದಸ್ತಗಿರ ಫೋಟೋ ಎತ್ತಿಕೊಂಡ. ಬಕೆಟ್ ಮುಟ್ಟಲಿಲ್ಲ.

"ಮಾಫ್ ಮಾಡಿ ಭಾಯ್," ಎಂದ ಮೆಲ್ಲಗೆ. "ನಿಕಾಹ್ ಆಗೋ ತನಕ ಹುಳ ನಿಮ್ಮನೇಲೇ ಬೇಯ್ಲಿ."