ಮಾವನ ಮೆಸ್ಮರಿಜಂ

ನಮ್ಮ ಸೋದರಮಾವ ಮೆಸ್ಮರಿಜಂ ಮಾಡಿ ಮಲಗಿಸಿದ ಮೊದಲ ಮನುಷ್ಯ ಯಾರು ಗೊತ್ತೇ? ಸ್ವತಃ ತಾನೇ. ಕನ್ನಡಿಯ ಮುಂದೆ ಕೂತು, ಮಧ್ಯಾಹ್ನ ಊಟವಾದ ಮೇಲೆ. ಅದು ವಿದ್ಯೆಯ ಪ್ರಭಾವ ಎಂದು ಅವನೂ, ಜೋಳದ ರೊಟ್ಟಿಯ ಪ್ರಭಾವ ಎಂದು ಅತ್ತೆಯೂ ಕೊನೆಯವರೆಗೆ ವಾದಿಸಿದರು.

ಆಗ ನಿಜಾಮರ ಕಾಲ. ಮಾವ ತಾಂಡೂರಿನಲ್ಲಿ ಉರ್ದು ಮಾಸ್ತರ. ಹೈದರಾಬಾದಿನಿಂದ ಅಂಚೆಯಲ್ಲಿ ತರಿಸಿದ ಪುಸ್ತಕವೇ ಅವನ ಗುರು. ಅದು ಹೇಳಿದಂತೆ ಗೋಡೆಯ ಮೇಲೆ ಬೊಟ್ಟಿನಗಲ ಕಪ್ಪು ಚುಕ್ಕಿಯಿಟ್ಟು ರೆಪ್ಪೆ ಬಡಿಯದೆ ನೋಡುತ್ತಿದ್ದ. ಹದಿನೈದು ದಿನಕ್ಕೆ ಕಣ್ಣು ಹಣ್ಣುಮೆಣಸಿನಕಾಯಿಯಂತಾದವು. ಅತ್ತೆ ಹರಳೆಣ್ಣೆ ಹಚ್ಚಿದಳು. "ತೇಜ ಬಂದದ" ಎಂದು ಮಾವ ಹಿಗ್ಗಿದ.

ಪ್ರಯೋಗಕ್ಕೆ ಮನುಷ್ಯರು ಸಿಗಲಿಲ್ಲ. ನಾರಾಯಣಖೇಡದ ನಮ್ಮ ಮನೆಗೆ ಬಂದಾಗ ಟಗರಿನ ಎದುರು ಕುಕ್ಕರಗಾಲಲ್ಲಿ ಕೂತು ದಿಟ್ಟಿಸಿದ. ಟಗರೂ ದಿಟ್ಟಿಸಿತು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

"ನೋಡ್ರಿ, ಅಂಜ್ಯಾದ" ಎಂದ ಮಾವ.

ಟಗರು ಯಾತಕ್ಕೆ ಹಿಂದೆ ಸರಿಯುತ್ತದೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಎಂಟು ದಿನ ಮಾವನ ಎದೆಗೆ ಅರಿಶಿನದ ಪಟ್ಟು.

ಆಮೇಲೊಮ್ಮೆ ಜಹೀರಾಬಾದಿಗೆ ಬೀದರ ಕಡೆಯ ಉಸ್ತಾದರೊಬ್ಬರು ಬಂದರು. ಗುರುವಿನ ಬಳಿ ಆರು ವರ್ಷ ಈ ವಿದ್ಯೆ ಕಲಿತವರು. ಮಾವ ನನ್ನನ್ನೂ ಕರೆದುಕೊಂಡು ಅವರನ್ನು ನೋಡಲು ಹೊರಟ.

"ಯಾರ ಹತ್ರ ಕಲ್ತೀರಿ?" ಉಸ್ತಾದರು ಕೇಳಿದರು.

"ಪುಸ್ತಕದ ಹತ್ರ."

"ಸಂಶಯ ಬಂದ್ರ ಪುಸ್ತಕ ಉತ್ತರ ಕೊಡ್ತದೇನ್ರಿ?"

"ನನಗ ಸಂಶಯಾನೇ ಬಂದಿಲ್ರಿ."

"ನಾ ಮೊದಲ್ನೇ ವರ್ಷ ಬರೀ ನಮ್ಮ ಉಸ್ತಾದರ ಬೂಟು ಒರೆಸೀನಿ."

"ಆ ಪಾಠ ನನ್ನ ಪುಸ್ತಕದಾಗ ಇಲ್ರಿ."

ಉಸ್ತಾದರು ನಕ್ಕು, ದಿಂಬಿಗೆ ಒರಗಿ, "ಹಂಗಾದ್ರ ನನ್ನ ಮಲಗಿಸ್ರಿ, ನೋಡೋಣು" ಎಂದರು. ಮಾವ ಪುಸ್ತಕವನ್ನು ಮೊದಲ ಅಧ್ಯಾಯದಿಂದ ವಿವರಿಸತೊಡಗಿದ. ಮೂರನೆಯ ಅಧ್ಯಾಯಕ್ಕೆ ಉಸ್ತಾದರು ಗೊರಕೆ ಹೊಡೆಯುತ್ತಿದ್ದರು. ಮಾವನ ಶಾಲೆಯ ಹುಡುಗರಿಗೆ ಇದು ದಿನನಿತ್ಯದ ಅನುಭವ. ಆದರೆ ಅದನ್ನು ಅವನಿಗೆ ಹೇಳುವವರು ಯಾರು? ವಾಪಸು ರೈಲಿನಲ್ಲಿ ತಾಂಡೂರು ಮುಟ್ಟುವವರೆಗೂ, "ಆರು ವರ್ಷದ ವಿದ್ಯಾ ಮೂರು ವಾರದ ವಿದ್ಯಾದ ಮುಂದ ಬಿತ್ತು" ಎಂದು ಸಿಕ್ಕವರಿಗೆಲ್ಲ ಹೇಳಿದ.

ಆ ಬೇಸಿಗೆಯಲ್ಲಿ ನನ್ನ ಎಳೆಯ ತಮ್ಮ ತೀರಿಕೊಂಡ. ಅವ್ವ ಅಳಲಿಲ್ಲ, ಮಲಗಲಿಲ್ಲ, ಗೋಡೆಗೆ ಒರಗಿ ಕೂತುಬಿಟ್ಟಳು. ನಾಲ್ಕನೆಯ ದಿನ ಮಾವ ಬಂದ. ಪುಸ್ತಕ ತಂದಿರಲಿಲ್ಲ. ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾವಿಬ್ಬರೂ ಚಿಕ್ಕವರಿದ್ದಾಗ ತಮ್ಮೂರು ಮನೂರಿನ ಹೊಲಗಳಲ್ಲಿ ಹೆಸರುಕಾಯಿ ಕದ್ದು ತಿಂದದ್ದನ್ನು ಮೆಲ್ಲಗೆ ಹೇಳತೊಡಗಿದ. ಅವ್ವ ಮೊದಲು ಅತ್ತಳು. ಆಮೇಲೆ ನಿದ್ದೆ ಹೋದಳು. ಮಾವ ತೊಡೆ ಅಲುಗಿಸದೆ, ಧೋತರದ ಚುಂಗಿನಿಂದ ನೊಣ ಹೊಡೆಯುತ್ತ, ಹೊತ್ತು ಇಳಿಯುವವರೆಗೂ ಕೂತಿದ್ದ.

ಅವ್ವ ಕಣ್ಣು ಬಿಟ್ಟು, "ಅಣ್ಣಾ, ಹಸಿವಾಗ್ಯಾದ" ಎಂದಳು.

ರೊಟ್ಟಿ ತರಲು ಮಾವ ಗಡಬಡಿಸಿ ಎದ್ದ. ಜೋಮು ಹಿಡಿದ ಕಾಲು ನಿಲ್ಲಲಿಲ್ಲ, ಧೊಪ್ಪನೆ ಬಿದ್ದ. ಅವ್ವ ನಕ್ಕಳು. ಆ ನಗು ಕೇಳಿ ಮಾವ ಬಿದ್ದಲ್ಲೇ ಕೂತು, ಮಗುವಿನ ಹಾಗೆ ಅತ್ತ.