ಇಬ್ಬರೇ ಕೂರುವ ಕಾರಿನ ಕೆಂಪು ದೀಪ

ಗಜೇಂದ್ರಗಡದ ನಮ್ಮ ಮಾಮಾ ತನ್ನ ಕಾರನ್ನು ಮಾರಿದ್ದು ಒಂದು ದೀಪದ ಕಾಟಕ್ಕೆ ಎಂದು ನಮ್ಮ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನನ್ನನ್ನು ಬಲ್ಲವರು "ನೀ ಯಾವುದನ್ನ ಒಪ್ಪೀದಿ ಬಿಡವಾ" ಎಂದಾರು. ಆದರೂ ವಿಚಾರ ಮಾಡಿ ನೋಡಿ. ದೀಪ ಇದ್ದದ್ದು ಕಡಲೆಕಾಳಿನಷ್ಟು, ಅದಕ್ಕೆ ಬಾಯಿಲ್ಲ. ಬಾಯಿ ಇದ್ದದ್ದು ನನಗೆ. ರೋಣದ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳಲ್ಲಿ ಒಂದಕ್ಕೆ ಅವ್ವ ಸೂಜಿ-ದಾರ ಹಾಕಿಟ್ಟಿದ್ದಾಳೆ, ಇನ್ನೊಂದಕ್ಕೆ ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಕೀಲಿಕೈಗಳನ್ನು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವುದು ಬಂದರೂ ಹುಟ್ಟಿದಾಗಿನಿಂದ ಅದನ್ನೇ ನಂಬಿದವಳಂತೆ ಮಾತಾಡುವುದು ನಾನು ಕಲಿತ ವಿದ್ಯೆ. ಮನೆಯಲ್ಲಿ ಚೀಟಿ ಎತ್ತುವವರಿಲ್ಲ. ಅಲ್ಲಿ ನಾನು ಯಾವಾಗಲೂ ವಿರೋಧ.

ಮಾಮಾನದು ಬಸ್‌ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ. ಮನೆ ತುಂಬಿದ ಮನೆ: ಅಣ್ಣ, ತಮ್ಮ, ಅವರ ಮಕ್ಕಳು, ಬಂದರೆ ಬೇಗ ಹೋಗದ ಬೀಗರು. ಅಂಥ ಮನೆಗೆ ಆತ ಪುಣೆಯ ವ್ಯಾಪಾರಿ ಗೆಳೆಯನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದ. ಕೆಂಪು ಬಣ್ಣ, ನೆಲಕ್ಕೆ ಹತ್ತಿದಂಥ ಮೈ, ಎರಡೇ ಸೀಟು. ದೊಡ್ಡಮಾಮಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಿಂದಿನ ಸೀಟು ಎಲ್ಲೈತೋ?" ಎಂದ.

"ಇಲ್ಲಣ್ಣಾ."

"ಪುಣಾದಾಗ ಮರತ ಬಂದೇನು?"

ಐತವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಮಾಮಾ ಮತ್ತು ಅತ್ತೆ ಆ ಕಾರಿನಲ್ಲಿ ಹೊರಡುತ್ತಿದ್ದರು. ಇಟಗಿಗೆ, ಇಲ್ಲವೇ ನರಗುಂದದ ಕಡೆಗೆ, ಒಮ್ಮೊಮ್ಮೆ ಎಲ್ಲಿಗೂ ಅಲ್ಲ. ಸವಡಿ ದಾರಿಯಲ್ಲಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು ಬಂದುಬಿಡುತ್ತಿದ್ದರು. ನಮ್ಮಲ್ಲಿ ಊರು ದಾಟಿದರೆ ಬುತ್ತಿ ಇರಲೇಬೇಕು. ಹೋಗುವ ಊರಿನಲ್ಲಿ ಮದುವೆ ಊಟವೇ ಇರಲಿ, ಕಟಕರೊಟ್ಟಿ ಮತ್ತು ಶೇಂಗಾ ಚಟ್ನಿ ಇಲ್ಲದೆ ಹೊರಟರೆ ಹಾದಿಯಲ್ಲಿ ಉಪವಾಸ ಬೀಳುತ್ತೇವೆಂಬ ಭಯ. ಆ ಕಾರಿನಲ್ಲಿ ಬುತ್ತಿ ಇಡಲು ಜಾಗವಿರಲಿಲ್ಲ. ತೊಡೆಯ ಮೇಲಿಟ್ಟರೆ ಸೀರೆಗೆ ಎಣ್ಣೆ. ಹಾಗಾಗಿ ಅತ್ತೆ ಅದನ್ನು ತನ್ನ ಸೀಟಿನ ಕೆಳಗೆ ನೂಕುತ್ತಿದ್ದಳು. ಅಷ್ಟು ಕೆಳಗಿನ ಸೀಟಿಗೆ ಆಕೆ ಇಳಿಯಬೇಕೆಂದರೆ ಮಾಮಾ ಮೊದಲು ಸೀಟನ್ನು ಪೂರ್ತಿ ಹಿಂದೆ ಸರಿಸಬೇಕು, ಆಕೆ ಕೂತ ಮೇಲೆ ಮುಂದೆ ಎಳೆಯಬೇಕು. "ಪಂಕ್ತಿಗೆ ಕುಂತಂಗಾಗತೈತಿ, ಎಲಿ ಒಂದ ಹಾಕೂದು ಬಾಕಿ" ಎಂದು ಅತ್ತೆ ಪ್ರತಿ ಸಲವೂ ಅನ್ನುತ್ತಿದ್ದಳು. ಮಾಮಾ ಪ್ರತಿ ಸಲವೂ ನಗುತ್ತಿದ್ದ.

ಒಂದು ದಿನ ಸ್ಟಿಯರಿಂಗ್ ಹಿಂದೆ ಆ ದೀಪ ಹತ್ತಿತು. ಕೂತ ಮನುಷ್ಯ, ಅವನ ಎದೆಯ ಮುಂದೆ ದುಂಡಗಿನದೊಂದು ಚೀಲ. ಅತ್ತೆ ಬಗ್ಗಿ ನೋಡಿ, "ಹೊಟ್ಟಿ ಮ್ಯಾಲ ಕಲ್ಲಂಗಡಿ ಇಟಗೊಂಡು ಕುಂತಾನಲ್ಲ, ಯಾರಿಂವ?" ಎಂದಳು.

"ನಮ್ಮ ಮನ್ಯಾಗಿನವರ ಪೈಕಿನ. ನಮ್ಮಿಬ್ಬರನ್ನ ಬಿಟ್ಟು ಕಳಸಾಕ ಮನಸಿಲ್ಲ ಅವರಿಗೆ" ಎಂದ ಮಾಮಾ.

ಆತ ಮೊದಲು ಊರಿನ ಮೆಕ್ಯಾನಿಕ್‌ಗೆ ತೋರಿಸಿದ. "ಗಾಡಿ ಓಡತೈತಿಲ್ರಿ? ಬ್ರೇಕ್ ಹಿಡೀತಾವಿಲ್ರಿ? ಮತ್ತ ದೀಪ ಕಿತ್ತ ಒಗದ ಬಿಡೂಣ್ರಿ, ಸಮಾಧಾನ" ಎಂಬ ಉತ್ತರ ಬಂತು. ಜ್ವರ ಬಂದಾಗ ಥರ್ಮಾಮೀಟರ್ ಒಡೆಯುವ ಚಿಕಿತ್ಸೆ ಇದು ಎಂದು ನಾನು ಅಲ್ಲೇ ಖಂಡಿಸಿದೆ. ನರಗುಂದದ ಎಲೆಕ್ಟ್ರಿಷಿಯನ್ ಬ್ಯಾಟರಿಯ ತಂತಿ ತೆಗೆದು, ಚಹಾ ಕುಡಿದು ಬಂದು, ಮತ್ತೆ ಹಚ್ಚಿದ. ದೀಪ ಮಾಯ. ರೋಣ ದಾಟುವಷ್ಟರಲ್ಲಿ ಪ್ರತ್ಯಕ್ಷ. ಹುಬ್ಬಳ್ಳಿಯ ಗ್ಯಾರೇಜಿನವರು ಯಂತ್ರ ಹಚ್ಚಿ ನೋಡಿ, ಏರ್‌ಬ್ಯಾಗಿನ ಅಂದರೆ ಗಾಡಿ ಬಡಿದಾಗ ಉಬ್ಬಿ ಕಾಯುವ ಚೀಲದ ತಂತಿಯಲ್ಲಿ ಎಲ್ಲೋ ಸಂಪರ್ಕ ಸರಿಯಿಲ್ಲ, ಎಲ್ಲಿ ಎಂದು ತಿಳಿಯಲು ಬಿಚ್ಚಬೇಕು, ಒಂದು ವಾರ ಬಿಟ್ಟುಹೋಗಿ ಎಂದರು. ವಾರವೆಂದರೆ ನಡುವೆ ಒಂದು ಐತವಾರ ಬರುತ್ತದೆ. ಮಾಮಾ ಗಾಡಿಯನ್ನು ಅಲ್ಲಿ ಬಿಟ್ಟುಬರಲಿಲ್ಲ.

ಆಗ ನಾನು ವೇದಿಕೆ ಹತ್ತಿದೆ. ಮೊಬೈಲಿನಲ್ಲಿ ಊರೂರಿನವರ ಅನುಭವಗಳನ್ನು ಓದಿ, ಕೆಟ್ಟದ್ದು ಸ್ಟಿಯರಿಂಗ್ ಒಳಗಿನ ಸುರುಳಿತಂತಿಯೇ, ಅದು ಕೆಟ್ಟರೆ ಇಬ್ಬರ ಮುಂದಿನ ಚೀಲಗಳನ್ನೂ ನಂಬುವಂತಿಲ್ಲ, ಇಷ್ಟು ಹಳೆಯ ಗಾಡಿಗೆ ಆ ತಂತಿ ಸಿಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಮಾಮಾನ ಮನೆಯ ಊಟದ ಪಂಕ್ತಿಯಲ್ಲಿ, ಎಲ್ಲರ ಮುಂದೆ ಶುರು ಮಾಡಿದೆ. "ಮಾಮಾ, ಎರಡ ಸಾಧ್ಯತಾ ಅದಾವ. ಗಾಡಿ ಬಡದಾಗ ಚೀಲ ಉಬ್ಬಂಗಿಲ್ಲ. ಇಲ್ಲಾ, ಬಡೀಲಾರದನ ಉಬ್ಬತೈತಿ. ಮೊದಲನೇದಾದ್ರ ಅತ್ತಿ ಮುಂದ ಆಸರನ ಇಲ್ಲ. ಎರಡನೇದಾದ್ರ ಅತ್ತಿ ಮಾರಿಗೆ ಗುದ್ದು. ಮೂರನೇದು ಇದ್ರ ನೀನ ಹೇಳು, ಇಲ್ಲಾ ಮಾರಿ ಬಿಡು."

ಅತ್ತೆಯ ಕೈಯಲ್ಲಿನ ತುತ್ತು ಅರ್ಧಕ್ಕೆ ನಿಂತಿತು. "ಖರೇನ?" ಎಂದಳು ನನಗೆ. ಮಾಮಾ ನನ್ನ ಕಡೆ ನೋಡಲಿಲ್ಲ, ಆಕೆಯ ಕಡೆ ನೋಡಿದ. "ಇರ್ಲಿ ಬಿಡವಾ" ಎಂದು ಎದ್ದು ಕೈ ತೊಳೆದ. ದೊಡ್ಡಮಾಮಾ ಮಾತ್ರ, "ಚಲೋ ಹೇಳಿದಿ ನೋಡು. ಇನ್ನ ಎಲ್ಲಾರೂ ಕುಂಡ್ರೂ ಗಾಡಿ ತರೂಣು" ಎಂದ. ಸ್ವಲ್ಪ ದಿನದಲ್ಲೇ ಹುಬ್ಬಳ್ಳಿಯ ತರುಣನೊಬ್ಬ ಕೆಂಪು ಕಾರನ್ನು ಕೊಂಡು ಓಡಿಸಿಕೊಂಡು ಹೋದ. ನಾನು ಇನ್ನೊಂದು ಕಪ್ಪು ಗೆದ್ದಂತೆ ರೋಣದ ನಮ್ಮ ಮನೆಗೆ ಮರಳಿದೆ.

ಮುಂದೆ ಒಂದು ದಿನ ನಾನೂ ಅತ್ತೆಯೂ ಮಾಮಾನ ಅಂಗಡಿಯಲ್ಲೇ ಇದ್ದಾಗ ಆ ತರುಣನ ಫೋನು ಬಂತು. "ದೀಪ ಆರೇತ್ರೀ ಸಾಹುಕಾರ್ರ." ಗಾಡಿ ಸ್ವಚ್ಛ ಮಾಡಿಸಲು ಎಡಗಡೆಯ ಸೀಟು ಬಿಚ್ಚಿಸಿದಾಗ, ಅದರ ಕೆಳಗೆ ಒಂದು ಸ್ಟೀಲಿನ ಡಬ್ಬಿ ತಂತಿಗಳ ನಡುವೆ ಸಿಕ್ಕಿಕೊಂಡಿತ್ತಂತೆ. ಸೀಟು ಹಿಂದೆ ಮುಂದೆ ಸರಿದಾಗಲೆಲ್ಲ ಅದು ಏರ್‌ಬ್ಯಾಗ್ ತಂತಿಯ ಜೋಡಣೆಯನ್ನು ಜಗ್ಗಿ ಸಡಿಲ ಮಾಡಿತ್ತಂತೆ. ಒತ್ತಿ ಕೂಡಿಸಿದರು, ಯಂತ್ರ ಹಚ್ಚಿ ದೀಪದ ದೂರು ಅಳಿಸಿದರು, ಮುಗಿಯಿತು. ಫೋಟೋ ಕೂಡ ಕಳಿಸಿದ್ದ. ಅತ್ತೆ ಅದನ್ನು ನೋಡಿ, "ಅಯ್ಯ, ನನ್ನ ಚಟ್ನಿ ಡಬ್ಬಿ. ಗಿಡದ ಬುಡಕ ಬಿಟ್ಟ ಬಂದೀರಂತ ನಿಮ್ಮ ಜೋಡಿ ಎಷ್ಟ ಜಗಳಾ ಮಾಡಿದೆ ನಾನು" ಎಂದಳು. ಸ್ವಲ್ಪ ಹೊತ್ತು ಇಬ್ಬರೂ ನಕ್ಕರು. ಆಮೇಲೆ ಮಾಮಾ ಆ ಫೋಟೋವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದ. ಜೋಡಣೆ ಮೊದಲೇ ಸಡಿಲ ಇದ್ದಿರಬಹುದು, ಡಬ್ಬಿಯೇ ಕಾರಣ ಎನ್ನಲು ಪುರಾವೆ ಏನು ಎಂದು ನಾನು ಬಾಯಿ ತೆಗೆದೆ. ಗಿರಾಕಿ ಬಂದದ್ದರಿಂದ ಅದು ಅಷ್ಟಕ್ಕೇ ನಿಂತಿತು.

ನನ್ನ ವಾದವನ್ನು ಎಷ್ಟೋ ಸಲ ತಿರುವಿ ಹಾಕಿ ನೋಡಿದ್ದೇನೆ. ದೀಪ ಉರಿಯುತ್ತಿರುವಾಗ ಆ ಚೀಲವನ್ನು ನಂಬಬಾರದು ಎಂಬುದರಲ್ಲಿ ಇವತ್ತಿಗೂ ತಪ್ಪು ಸಿಕ್ಕಿಲ್ಲ. ಸಿಕ್ಕಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ದೀಪ ಪಾಪ "ಒಮ್ಮೆ ನೋಡ್ರಿ" ಎಂದಿತ್ತು. ನಾನು ಅದರ ವಕೀಲಳಾಗಿ "ಮಾರ್ರಿ" ಎಂದೆ.

ಈಗ ಮನೆಯ ಮುಂದೆ ಏಳು ಸೀಟಿನ ಗಾಡಿ ನಿಂತಿದೆ. ದೀಪಗಳೆಲ್ಲ ಹತ್ತಬೇಕಾದಾಗ ಹತ್ತಿ, ಆರಬೇಕಾದಾಗ ಆರುತ್ತವೆ. ಹೋದ ಐತವಾರ ಇಟಗಿಗೆ ಹೊರಟೆವು. ಅತ್ತೆ ಕೊನೆಯ ಸಾಲಿನಲ್ಲಿ, ಮಕ್ಕಳು ಮತ್ತು ಬುತ್ತಿಯ ಬುಟ್ಟಿಯ ನಡುವೆ. ಮುಂದೆ, ಮಾಮಾನ ಪಕ್ಕದಲ್ಲಿ, ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ ಎಂದು ಹೇಳಿ ಜಾಗ ಗಿಟ್ಟಿಸಿದ ನಾನು. ಮಾಮಾ ಮತ್ತೆ ಮತ್ತೆ ಮೇಲಿನ ಕನ್ನಡಿಯನ್ನು ತಿರುಗಿಸುತ್ತಿದ್ದ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಬೇಕು ಎಂಬ ನಿಯಮ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆತ ಹುಡುಕುತ್ತಿದ್ದದ್ದು ರಸ್ತೆಯನ್ನಲ್ಲ. ನಾಲ್ಕಾರು ತಲೆಗಳ ಸಂದಿಯಲ್ಲಿ ಅತ್ತೆಯ ಮುಖ ಕಂಡಾಗ ಕೈ ಕನ್ನಡಿಯಿಂದ ಕೆಳಗಿಳಿಯಿತು. ನಿಯಮ ನುಂಗಿಕೊಂಡೆ. ಹಿಂದಿನವರಿಗೆ ಕೇಳದಂತೆ ಆತನ ಕಡೆ ವಾಲಿ ಕೇಳಿದೆ: "ಮಾಮಾ, ನಮ್ಮನ್ನೆಲ್ಲಾ ಬಿಟ್ಟು ನೀವಿಬ್ಬರ ಹೋಗೂದು ನಿನಗ ಬೇಕಾಗಿತ್ತಂತ, ಅವತ್ತ ಅದೊಂದ ಮಾತು ನನಗ ಯಾಕ ಹೇಳಲಿಲ್ಲ ನೀ?"